ಕಾಲುಚೀಲದಿಂದ ಶುರುವಾಗುವ ಪಾಠ

ಕರೀಂ ಅಬ್ದುಲ್ ಜಬ್ಬಾರ್ ಎಂಬ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಬಾಸ್ಕೆಟ್‌ಬಾಲ್ ಆಟದ ಗಂಧಗಾಳಿ ಇಲ್ಲದವರೂ ಆ ಹೆಸರು ಕೇಳಿರುತ್ತಾರೆ. ಏಳು ಅಡಿ ಎರಡು ಇಂಚು ಎತ್ತರದ ಆಳು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 20 ಸೀಸನ್ ಆಡಿ 38,387 ಅಂಕ ಗಳಿಸಿದವರು. 1984ರಲ್ಲಿ ಅತಿ ಹೆಚ್ಚು ಅಂಕಗಳ ದಾಖಲೆ ಅವರ ಹೆಸರಿಗೆ ಬಂತು. ಅದನ್ನು ಇನ್ನೊಬ್ಬರು ಮುರಿಯಬೇಕಾದರೆ 2023ನೇ ಇಸವಿ ಬರಬೇಕಾಯಿತು. ಇದೆಲ್ಲ ಗೊತ್ತಿರುವ ವಿಷಯವೇ. ಆದರೆ ಆ ಕರೀಂ ಅವರ ಮಾಸ್ಟ್ರು ಯಾರು ಅಂತ ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಈ ವಾರ ನಾವು ಹೇಳಹೊರಟಿರುವುದು ಆ ಮಾಸ್ಟ್ರ ಕಥೆ.

ಅವರ ಹೆಸರು ಜಾನ್ ವುಡನ್. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ಅಂದರೆ ಎಲ್ಲರೂ ಯುಸಿಎಲ್‌ಎ ಅಂತ ಕರೆಯುವ ವಿದ್ಯಾಸಂಸ್ಥೆಯಲ್ಲಿ, 1948ರಿಂದ 1975ರವರೆಗೆ 27 ಸೀಸನ್ ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು. ಕೊನೆಯ 12 ವರ್ಷಗಳಲ್ಲಿ ಅವರ ತಂಡ 10 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯಿತು. ಅದರಲ್ಲಿ 1967ರಿಂದ 1973ರವರೆಗೆ ಸತತ ಏಳು ವರ್ಷ. ಒಂದು ಹಂತದಲ್ಲಿ ಸತತ 88 ಪಂದ್ಯ ಸೋಲಲೇ ಇಲ್ಲ. ಅಮೆರಿಕದ ಪುರುಷರ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಈ ಮೂರೂ ದಾಖಲೆಗಳು ಇವತ್ತಿಗೂ ಹಾಗೆಯೇ ಉಂಟು.

ಆದರೆ ಕಪ್ಪುಗಳ ಲೆಕ್ಕ ಹೇಳಲಿಕ್ಕೆಂದು ನಾವು ಈ ಕಥೆ ಎತ್ತಿಕೊಂಡದ್ದಲ್ಲ. ವುಡನ್ ಹಳ್ಳಿಗಾಡಿನಿಂದ ಬಂದ ಬಿಳಿಯ, ಚರ್ಚಿಗೆ ತಪ್ಪದೆ ಹೋಗುವ ಕ್ರೈಸ್ತ. ಅವರ ಗರಡಿಯಲ್ಲಿ ಪಳಗಿದ ಘಟಾನುಘಟಿ ಆಟಗಾರರಲ್ಲಿ ಮೂವರು ಮುಂದೆ ಇಸ್ಲಾಂ ಸ್ವೀಕರಿಸಿದರು. ಮೂವರೂ ಕರಿಯರು, ಮೂವರೂ ಪಟ್ಟಣದ ಹುಡುಗರು. ತನ್ನ ಬಣ್ಣದವನಲ್ಲದ, ತನ್ನ ಊರಿನವನಲ್ಲದ, ಮುಂದೆ ತನ್ನ ಮತದವನಾಗಿಯೂ ಉಳಿಯದ ಹುಡುಗನಿಗೆ ಒಬ್ಬ ಮಾಸ್ಟ್ರು ಏನು ಕೊಡಬಲ್ಲರು? ಆ ಹುಡುಗನಿಂದ ತಾನೇನು ಕಲಿಯಬಲ್ಲರು? ನಮಗೆ ಮುಖ್ಯವಾಗಿ ಕಂಡದ್ದು ಇದು.

ಚಿಂದಿ ಬಟ್ಟೆಯ ಚೆಂಡು

ವುಡನ್ ಹುಟ್ಟಿದ್ದು 1910ರ ಅಕ್ಟೋಬರ್ 14ರಂದು, ಇಂಡಿಯಾನಾ ರಾಜ್ಯದಲ್ಲಿ. ಬೆಳೆದದ್ದು ಸೆಂಟರ್‌ಟನ್ ಎಂಬ ಸಣ್ಣ ಊರಿನ ಹತ್ತಿರದ ಹೊಲಮನೆಯಲ್ಲಿ. ಮನೆಯಲ್ಲಿ ಕರೆಂಟ್ ಇಲ್ಲ. ರಾತ್ರಿ ದೀಪದ ಬೆಳಕಿನಲ್ಲಿ ತಂದೆ ಜೋಶುವಾ ಮಕ್ಕಳಿಗೆ ಬೈಬಲ್ ಓದಿ ಹೇಳುತ್ತಿದ್ದರು, ಕವಿತೆ ಓದುತ್ತಿದ್ದರು. ತಾಯಿ ಹಳೆಯ ಚಿಂದಿಯನ್ನು ಕಾಲುಚೀಲದೊಳಗೆ ತುರುಕಿ ಹೊಲಿದು ಚೆಂಡು ಮಾಡಿಕೊಟ್ಟರು. ತಂದೆ ಟೊಮೆಟೊ ಬುಟ್ಟಿಯ ತಳ ತೆಗೆದು ಕೊಟ್ಟಿಗೆಯ ಗೋಡೆಗೆ ಬಡಿದರು. ಹುಡುಗನ ಬಾಸ್ಕೆಟ್‌ಬಾಲ್ ಶುರುವಾದದ್ದು ಹೀಗೆ.

ತಂದೆ ಹೇಳುತ್ತಿದ್ದ ಮಾತುಗಳು ಕಡಿಮೆ, ಆದರೆ ಗಟ್ಟಿ. ಸುಳ್ಳು ಹೇಳಬೇಡ, ಮೋಸ ಮಾಡಬೇಡ, ಕದಿಯಬೇಡ. ಗೊಣಗಬೇಡ, ದೂರಬೇಡ, ನೆಪ ಹೇಳಬೇಡ. ಇಷ್ಟೇ. ಮುಂದೆ ಸಾಲ ಹೆಚ್ಚಾಗಿ ಆ ಹೊಲಮನೆ ಕೈತಪ್ಪಿ ಹೋಯಿತು. ಕುಟುಂಬ ಮಾರ್ಟಿನ್ಸ್‌ವಿಲ್ ಪೇಟೆಗೆ ಬಂತು. ಆಗಲೂ ತಂದೆ ಯಾರನ್ನೂ ದೂರಲಿಲ್ಲ ಎಂಬುದನ್ನು ಮಗ ಸಾಯುವವರೆಗೂ ನೆನೆಯುತ್ತಿದ್ದ. ಉಪದೇಶ ಮಾಡುವ ತಂದೆ ಎಲ್ಲ ಮನೆಯಲ್ಲೂ ಇರುತ್ತಾರೆ. ಮಗ ನೆನಪಿಟ್ಟುಕೊಳ್ಳುವುದು ಕಷ್ಟ ಬಂದಾಗ ತಂದೆ ಹೇಗೆ ನಡೆದುಕೊಂಡರು ಎಂಬುದನ್ನು.

ಮಾರ್ಟಿನ್ಸ್‌ವಿಲ್ ಹೈಸ್ಕೂಲ್ ತಂಡ 1927ರಲ್ಲಿ ರಾಜ್ಯ ಚಾಂಪಿಯನ್ ಆಯಿತು. ವುಡನ್ ಆ ತಂಡದಲ್ಲಿದ್ದರು. ನಂತರ ಪರ್ಡ್ಯೂ ವಿಶ್ವವಿದ್ಯಾನಿಲಯ ಸೇರಿದರು. ಅಲ್ಲಿ ಮೂರು ವರ್ಷ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು. ಮುಂದೆ ಬಾಸ್ಕೆಟ್‌ಬಾಲಿನ ಹಾಲ್ ಆಫ್ ಫೇಮ್ ಅವರನ್ನು ಮೊದಲು ಆಟಗಾರನಾಗಿ, ಆಮೇಲೆ 1973ರಲ್ಲಿ ಕೋಚ್ ಆಗಿ ಎರಡು ಸಲ ಸೇರಿಸಿಕೊಂಡಿತು. ಆ ಎರಡು ಗೌರವವೂ ಸಿಕ್ಕಿದ ಮೊದಲಿಗರು ಅವರೇ.

1932ರ ಆಗಸ್ಟ್‌ನಲ್ಲಿ ನೆಲ್ಲಿ ಎಂಬ ಬಾಲ್ಯದ ಗೆಳತಿಯೊಂದಿಗೆ ಮದುವೆ ನಿಶ್ಚಯವಾಗಿತ್ತು. ಕೂಡಿಟ್ಟದ್ದು ಒಂಬೈನೂರು ಚಿಲ್ಲರೆ ಡಾಲರ್. ಮದುವೆಯ ಮುಂಚಿನ ದಿನ ಬ್ಯಾಂಕ್ ಮುಳುಗಿತು, ದುಡ್ಡೆಲ್ಲ ಹೋಯಿತು. ಮದುವೆ ಮಾತ್ರ ನಿಲ್ಲಲಿಲ್ಲ. ಆಮೇಲೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ, ಜೊತೆಗೆ ಕೋಚಿಂಗ್. ಮೊದಲ ವರ್ಷ ಕೆಂಟಕಿಯ ಡೇಟನ್‌ನಲ್ಲಿ ಅವರ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಮುಂದೆ ಅವರ ಬದುಕಿನಲ್ಲಿ ಅಂಥ ಸೀಸನ್ ಮತ್ತೆ ಬರಲಿಲ್ಲ.

ಕ್ಲಾರೆನ್ಸ್ ವಾಕರ್ ಇಲ್ಲದೆ ನಾವಿಲ್ಲ

ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದ ಮೇಲೆ, 1946ರಲ್ಲಿ ವುಡನ್ ಇಂಡಿಯಾನಾ ರಾಜ್ಯದ ಶಿಕ್ಷಕರ ಕಾಲೇಜಿನ ಕೋಚ್ ಆದರು. ಈಗ ಅದು ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾನಿಲಯ. ಮೊದಲ ಸೀಸನ್ನಿನಲ್ಲೇ ತಂಡ ಚೆನ್ನಾಗಿ ಆಡಿ, ಸಣ್ಣ ಕಾಲೇಜುಗಳ ರಾಷ್ಟ್ರೀಯ ಟೂರ್ನಿಗೆ ಆಹ್ವಾನ ಬಂತು. ಕೋಚಿಂಗಿನಲ್ಲಿ ಹೆಸರು ಮಾಡಬೇಕೆಂದಿರುವ 36 ವರ್ಷದವನಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇಕಾ?

ಆದರೆ ಆ ಟೂರ್ನಿಗೆ ಒಂದು ನಿಯಮ ಇತ್ತು. ಕರಿಯ ಆಟಗಾರರಿಗೆ ಪ್ರವೇಶ ಇಲ್ಲ. ವುಡನ್ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕರಿಯ ಹುಡುಗ ಇದ್ದ. ಅವನೇನೂ ತಂಡದ ಸ್ಟಾರ್ ಅಲ್ಲ. ಹೆಚ್ಚಿನ ಹೊತ್ತು ಬೆಂಚಿನಲ್ಲಿ ಕೂತು ತನ್ನ ಸರದಿ ಕಾಯುವವನು. ಅವನೊಬ್ಬನನ್ನು ಮನೆಯಲ್ಲಿ ಬಿಟ್ಟು ಹೋದರೆ ತಂಡದ ಆಟಕ್ಕೆ ದೊಡ್ಡ ನಷ್ಟ ಆಗುತ್ತಿರಲಿಲ್ಲ. ಆ ಕಾಲದಲ್ಲಿ ಯಾರೂ ಬೆರಳು ತೋರಿಸುತ್ತಲೂ ಇರಲಿಲ್ಲ. ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. ಇಡೀ ತಂಡ ಮನೆಯಲ್ಲೇ ಉಳಿಯಿತು.

ಮರುವರ್ಷ, 1948ರಲ್ಲಿ, ಪ್ರತಿಭಟನೆಗೆ ಬಗ್ಗಿ ಸಂಘಟಕರು ನಿಯಮ ತೆಗೆದುಹಾಕಿದರು. ಆಗಲೂ ವುಡನ್‌ಗೆ ಹಿಂಜರಿಕೆ ಇತ್ತು, ಹುಡುಗನಿಗೆ ಅಲ್ಲಿ ಅವಮಾನ ಆದರೆ ಎಂತ ಮಾಡುವುದು ಅಂತ. ವಾಕರ್‌ನ ಮನೆಯವರೇ ಹೋಗಬೇಕು ಅಂದರು. ತಂಡ ಕಾನ್ಸಾಸ್ ಸಿಟಿಗೆ ಹೋಯಿತು. ಉಳಿದ ಆಟಗಾರರ ಹೋಟೆಲಿನಲ್ಲಿ ವಾಕರ್‌ಗೆ ಮಲಗಲು ಜಾಗ ಸಿಗಲಿಲ್ಲ, ಊರಿನ ಒಂದು ಕರಿಯ ಕುಟುಂಬದ ಮನೆಯಲ್ಲಿ ಉಳಿದ. ಆದರೆ ಅಂಕಣಕ್ಕೆ ಇಳಿದ. ಆ ಟೂರ್ನಿಯಲ್ಲಿ ಆಡಿದ ಮೊದಲ ಕರಿಯ ಆಟಗಾರ ಎಂದು ಅವನ ಹೆಸರು ಉಳಿಯಿತು. ತಂಡ ಫೈನಲ್‌ನಲ್ಲಿ ಸೋತಿತು.

ವುಡನ್ ಜೀವನದ 10 ಚಾಂಪಿಯನ್‌ಶಿಪ್‌ಗಳಿಗಿಂತ ಈ ಆಡದ ಟೂರ್ನಿ ನಮಗೆ ದೊಡ್ಡದಾಗಿ ಕಾಣುತ್ತದೆ. ಸ್ಟಾರ್ ಆಟಗಾರನ ಪರ ನಿಲ್ಲಲು ಎಲ್ಲರೂ ಸಿಗುತ್ತಾರೆ. ಬೆಂಚಿನ ಮೇಲೆ ಕೂತವನ ಪರವಾಗಿ ಕಪ್ಪು ಬಿಟ್ಟುಕೊಡುವವರು ಎಷ್ಟು ಜನ ಸಿಕ್ಕಾರು?

ಕೊಟ್ಟ ಮಾತು

ಯುಸಿಎಲ್‌ಎಗೆ ಅವರು ಬಂದದ್ದೇ ಒಂದು ತಮಾಷೆ. 1948ರಲ್ಲಿ ಅವರಿಗೆ ಮಿನೆಸೋಟ ವಿಶ್ವವಿದ್ಯಾನಿಲಯಕ್ಕೆ ಹೋಗುವ ಮನಸ್ಸಿತ್ತು. ಅವರ ಊರಿನ ಕಡೆಯದೇ ಅದು. ಇಂಥ ಸಂಜೆ, ಇಂಥ ಹೊತ್ತಿಗೆ ಮಿನೆಸೋಟದವರು ಫೋನ್ ಮಾಡುವುದು, ಅದರ ನಂತರ ಯುಸಿಎಲ್‌ಎಯವರು ಮಾಡುವುದು ಅಂತ ಮಾತಾಗಿತ್ತು. ಹಿಮಗಾಳಿಗೆ ಫೋನ್ ಲೈನ್ ಕೈಕೊಟ್ಟು ಮಿನೆಸೋಟದ ಕರೆ ಬರಲೇ ಇಲ್ಲ. ಯುಸಿಎಲ್‌ಎಯ ಕರೆ ಹೊತ್ತಿಗೆ ಸರಿಯಾಗಿ ಬಂತು. ಅವರು ಬೇಡವಾಗಿರಬೇಕು ಅಂದುಕೊಂಡು ವುಡನ್ ಇವರಿಗೆ ಹೂಂ ಅಂದರು. ಸ್ವಲ್ಪ ಹೊತ್ತಿನಲ್ಲಿ ಮಿನೆಸೋಟದ ಕರೆಯೂ ಬಂತು. "ಮಾತು ಕೊಟ್ಟಾಯಿತು" ಅನ್ನುವುದೇ ಅವರ ಉತ್ತರವಾಯಿತು.

ಬಂದು ನೋಡಿದರೆ ಎಂತ ಉಂಟು ಅಲ್ಲಿ? ಅಭ್ಯಾಸಕ್ಕೆ ಮೂರನೇ ಮಾಳಿಗೆಯ ಒಂದು ಹಳೆಯ ಜಿಮ್. ಗಾಳಿ ಆಡುವುದಿಲ್ಲ, ಬೆವರಿನ ವಾಸನೆಗೆ ಹುಡುಗರು ಅದಕ್ಕೆ ಅಡ್ಡಹೆಸರನ್ನೇ ಇಟ್ಟಿದ್ದರು. ಒಂದು ಮೂಲೆಯಲ್ಲಿ ಕುಸ್ತಿಯವರು, ಇನ್ನೊಂದು ಕಡೆ ಜಿಮ್ನಾಸ್ಟಿಕ್ಸ್‌ನವರು. ಪ್ರಾಕ್ಟೀಸಿಗೆ ಮೊದಲು ನೆಲ ಗುಡಿಸಿ ಒರೆಸುವವರಲ್ಲಿ ಕೋಚ್ ಕೂಡ ಒಬ್ಬರು. ಮುಂದೆ ಬೆಂಕಿ ಸುರಕ್ಷತೆಯ ಕಾರಣಕ್ಕೆ ಅಲ್ಲಿ ಪ್ರೇಕ್ಷಕರನ್ನು ಸೇರಿಸುವುದಕ್ಕೂ ತಡೆ ಬಂತು. ತವರು ಪಂದ್ಯಗಳನ್ನು ಊರೂರು ಸುತ್ತಿ ಬೇರೆಯವರ ಹಾಲ್‌ಗಳಲ್ಲಿ ಆಡಬೇಕಾಯಿತು. ಸ್ವಂತದ ಒಳ್ಳೆಯ ಕ್ರೀಡಾಂಗಣ, ಪಾಲಿ ಪೆವಿಲಿಯನ್, ಸಿಕ್ಕಿದ್ದು 1965ರಲ್ಲಿ.

ಎರಡು ವರ್ಷ ಆಗುವಷ್ಟರಲ್ಲಿ ಅವರು ಓದಿದ ಪರ್ಡ್ಯೂವಿನಿಂದಲೇ ಕರೆ ಬಂತು. ಹೋಗಬೇಕು ಅನ್ನಿಸಿತು. ಆದರೆ ಮೂರು ವರ್ಷದ ಒಪ್ಪಂದ ಬೇಕು ಅಂತ ಕೇಳಿದವರು ನೀವೇ ಅಲ್ವಾ ಅಂತ ಯುಸಿಎಲ್‌ಎಯವರು ನೆನಪಿಸಿದರು. ವುಡನ್ ಸುಮ್ಮನೆ ಉಳಿದುಕೊಂಡರು. 27 ಸೀಸನ್ ಕಳೆಯಿತು.

ಈಗ ಒಂದು ಲೆಕ್ಕ ನೋಡಿ. ಬಂದದ್ದು 1948ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ 1964ರಲ್ಲಿ. ಅಂದರೆ 16ನೇ ಸೀಸನ್ನಿನಲ್ಲಿ! ನಡುವೆ ಪಂದ್ಯಗಳನ್ನು ಗೆಲ್ಲುತ್ತಲೇ ಇದ್ದರು, ದೊಡ್ಡ ಕಪ್ಪು ಮಾತ್ರ ಬರಲಿಲ್ಲ. ಈ ಕಾಲದಲ್ಲಾದರೆ ಅಷ್ಟು ವರ್ಷ ಒಬ್ಬ ಕೋಚನ್ನು ಯಾರು ಇಟ್ಟುಕೊಳ್ಳುತ್ತಾರೆ ಮಾರಾಯ್ರೇ? ಆ 1964ರ ತಂಡದ ಆರಂಭಿಕ ಐವರಲ್ಲಿ ಆರೂವರೆ ಅಡಿ ದಾಟಿದವರು ಒಬ್ಬರೂ ಇರಲಿಲ್ಲ. ಎದುರಾಳಿಯನ್ನು ಅಂಕಣದ ಉದ್ದಕ್ಕೂ ಬೆನ್ನು ಬಿಡದೆ ಒತ್ತುವ ಆಟದಿಂದಲೇ 30ಕ್ಕೆ 30 ಪಂದ್ಯ ಗೆದ್ದರು. ಆ ತಂತ್ರ ಬಳಸೋಣ ಅಂತ ಒತ್ತಾಯಿಸಿದವರು ಸಹಾಯಕ ಕೋಚ್ ಜೆರ್ರಿ ನಾರ್ಮನ್. ಕಿರಿಯವನ ಮಾತನ್ನು ಹಿರಿಯರು ಕೇಳಿದರು. ಆ ತಂಡದ ನಾಯಕಮಣಿ ವಾಲ್ಟ್ ಹ್ಯಾಝರ್ಡ್ ಟೂರ್ನಿಯ ಶ್ರೇಷ್ಠ ಆಟಗಾರನಾದ. ನಾವು ಹೇಳಿದ ಮೂವರಲ್ಲಿ ಮೊದಲಿಗ ಈತ. ಮುಂದೆ ಇಸ್ಲಾಂ ಸ್ವೀಕರಿಸಿ ಮಹದಿ ಅಬ್ದುಲ್ ರಹ್ಮಾನ್ ಎಂಬ ಹೆಸರಿಟ್ಟುಕೊಂಡ.

ಮೊದಲ ದಿನದ ಮೊದಲ ಪಾಠ

1965ರಲ್ಲಿ ನ್ಯೂಯಾರ್ಕಿನಿಂದ ಲೂ ಆಲ್ಸಿಂಡರ್ ಎಂಬ 18 ವರ್ಷದ ಹುಡುಗ ಯುಸಿಎಲ್‌ಎಗೆ ಬಂದ. ಮುಂದೆ ಕರೀಂ ಆದವನು ಇವನೇ. ದೇಶದ ಕಾಲೇಜುಗಳೆಲ್ಲ ಅವನ ಹಿಂದೆ ಬಿದ್ದಿದ್ದವು. ಅವನು ವುಡನ್ ಅವರನ್ನು ಮೊದಲ ಸಲ ಭೇಟಿಯಾದಾಗ ಅವರು ಹೆಚ್ಚು ಮಾತಾಡಿದ್ದು ಆಟದ ಬಗ್ಗೆ ಅಲ್ಲ, ಅವನ ಓದಿನ ಬಗ್ಗೆ. ಅದೇ ತನಗೆ ಹಿಡಿಸಿತು ಅಂತ ಕರೀಂ ಆಮೇಲೆ ಹೇಳಿಕೊಂಡಿದ್ದಾರೆ.

ಈ ಹುಡುಗ ಒಂದು ಗಾಯ ಹೊತ್ತುಕೊಂಡೇ ಬಂದಿದ್ದ. ಹೈಸ್ಕೂಲಿನಲ್ಲಿ ತಂದೆಯ ಹಾಗೆ ನಂಬಿದ್ದ ಕೋಚ್, ಒಂದು ಪಂದ್ಯದ ಮಧ್ಯಂತರದಲ್ಲಿ ಸಿಟ್ಟಿನ ಭರದಲ್ಲಿ ಕರಿಯರನ್ನು ಹೀಯಾಳಿಸುವ ಆ ಕೆಟ್ಟ ಶಬ್ದವನ್ನು ಅವನ ಮೇಲೆ ಎಸೆದಿದ್ದರು. ಬಿಳಿಯ ಮಾಸ್ಟ್ರುಗಳನ್ನು ನಂಬಬಹುದಾ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಅಲ್ಲಿಂದಲೇ ಕೂತಿತ್ತು.

ಮೊದಲ ದಿನ ಹುಡುಗರೆಲ್ಲ ಕುತೂಹಲದಿಂದ ಕೂತಿದ್ದರು. ಇಷ್ಟು ದೊಡ್ಡ ಕೋಚ್, ಇವತ್ತು ಯಾವ ಗುಟ್ಟು ಹೇಳಿಕೊಡುತ್ತಾರೋ ಅಂತ. ವುಡನ್ ಬಂದು ಕಾಲುಚೀಲ ಹಾಕುವುದು ಹೇಗೆ ಅಂತ ತೋರಿಸಿದರು! ಬೆರಳಿನ ತುದಿ, ಹಿಮ್ಮಡಿ, ಎಲ್ಲಿಯೂ ಸುಕ್ಕು ಇರಬಾರದು. ಆಮೇಲೆ ಶೂ ದಾರವನ್ನು ಒಂದೊಂದು ತೂತಿನಲ್ಲೂ ಬಿಗಿದು ಕಟ್ಟಬೇಕು. ನಗು ತಡೆದುಕೊಂಡವರೂ ಇದ್ದರು. ಆದರೆ ಅವರ ಲೆಕ್ಕ ಸೀದಾ. ಕಾಲುಚೀಲ ಸುಕ್ಕಾದರೆ ಕಾಲಿಗೆ ಬೊಕ್ಕೆ ಬರುತ್ತದೆ. ಬೊಕ್ಕೆ ಬಂದರೆ ಪ್ರಾಕ್ಟೀಸ್ ತಪ್ಪುತ್ತದೆ. ಪ್ರಾಕ್ಟೀಸ್ ತಪ್ಪಿದವನು ಪಂದ್ಯದಲ್ಲಿ ತಪ್ಪುತ್ತಾನೆ.

ಅವರ ಅಭ್ಯಾಸ ಎರಡು ಗಂಟೆಯ ಆಸುಪಾಸು, ಅಷ್ಟೇ. ಆದರೆ ಅದಕ್ಕಾಗಿ ಬೆಳಿಗ್ಗೆ ಸಹಾಯಕರೊಂದಿಗೆ ಕೂತು ನಿಮಿಷ ನಿಮಿಷದ ಯೋಜನೆ ಹಾಕುತ್ತಿದ್ದರು. ಅದನ್ನು ಸಣ್ಣ ಕಾರ್ಡಿನಲ್ಲಿ ಬರೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಹಳೆಯ ವರ್ಷಗಳ ಕಾರ್ಡುಗಳನ್ನೂ ಜೋಪಾನ ಮಾಡಿ, ಹೋದ ವರ್ಷ ಇದೇ ದಿನ ಏನು ಮಾಡಿಸಿದ್ದೆ ಅಂತ ನೋಡುತ್ತಿದ್ದರು. ಅವರ ಕೊನೆಯ ಸೀಸನ್ನಿನಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸ ನಡೆಯುವಾಗ ಬದಿಯಲ್ಲಿ ಕೂತು ಅವರ ಮಾತುಗಳನ್ನೆಲ್ಲ ಲೆಕ್ಕ ಇಟ್ಟರು. ಒಟ್ಟು 2,326 ಸಲ ಅವರು ಆಟಗಾರರಿಗೆ ಏನಾದರೂ ಹೇಳಿದ್ದರು ಅಥವಾ ಮಾಡಿ ತೋರಿಸಿದ್ದರು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಕಲಿಸುವ ಮಾತು. ಹೀಗೆ ಮಾಡು, ಹೀಗೆ ಬೇಡ, ಮತ್ತೊಮ್ಮೆ ಹೀಗೆ ಮಾಡು. ಹೊಗಳಿಕೆ ಬಹಳ ಕಡಿಮೆ, ಬೈಗುಳವೂ ಅಷ್ಟೇ ಕಡಿಮೆ. "ನಿನ್ನಿಂದ ಆಗುವುದಿಲ್ಲ" ಅಂತ ಹಂಗಿಸಲಿಕ್ಕೆ ಅವರಿಗೆ ಪುರುಸೊತ್ತೇ ಇರಲಿಲ್ಲ ಅನ್ನಬೇಕು.

ಇನ್ನೊಂದು ವಿಷಯ. ಗೆಲ್ಲಬೇಕು ಎಂಬ ಶಬ್ದವನ್ನು ಅವರು ಆಟಗಾರರ ಮುಂದೆ ಬಳಸುತ್ತಿರಲಿಲ್ಲ. ಯಶಸ್ಸು ಅಂದರೆ ತನ್ನಿಂದಾದಷ್ಟನ್ನು ಪೂರ್ತಿ ಮಾಡಿದೆ ಎಂಬ ನೆಮ್ಮದಿ, ಸ್ಕೋರ್ ಬೋರ್ಡ್ ಅಲ್ಲ ಎಂಬುದು ಅವರ ನಂಬಿಕೆ. ಇಂಗ್ಲಿಷ್ ಮಾಸ್ಟ್ರಾಗಿದ್ದಾಗ, ಮಕ್ಕಳಿಗೆ ಎ ಗ್ರೇಡ್ ಬರಲಿಲ್ಲ ಅಂತ ಹೆತ್ತವರು ಸಿಟ್ಟಾಗುವುದನ್ನು ನೋಡಿ ನೋಡಿ ಅವರು ಈ ವ್ಯಾಖ್ಯಾನ ಮಾಡಿಕೊಂಡದ್ದು. ಪಕ್ಕದ ಮನೆಯ ಮಗುವಿಗೆ ಎಷ್ಟು ಮಾರ್ಕು ಬಂತು ಅಂತ ಕೇಳುವ ಕಾಯಿಲೆ ಎಲ್ಲ ದೇಶದಲ್ಲೂ ಉಂಟು ಅಂತ ಆಯಿತು.

ಕಳುಹಿಸಿದ್ದು ಹೇಳದ ಪತ್ರ

ಲೂ ಆಡಿದ ಮೂರು ಸೀಸನ್‌ಗಳಲ್ಲಿ ಯುಸಿಎಲ್‌ಎ 88 ಪಂದ್ಯ ಗೆದ್ದು ಎರಡೇ ಎರಡು ಸೋತಿತು. ಮೂರಕ್ಕೆ ಮೂರು ಸಲ ಚಾಂಪಿಯನ್. ಅವನನ್ನು ತಡೆಯಲಾಗದೆ, 1967ರಲ್ಲಿ ಕಾಲೇಜು ಬಾಸ್ಕೆಟ್‌ಬಾಲಿನ ಆಡಳಿತದವರು ಚೆಂಡನ್ನು ಮೇಲಿನಿಂದ ರಿಂಗಿಗೆ ತುರುಕುವ ಡಂಕ್ ಹೊಡೆತವನ್ನೇ ನಿಷೇಧಿಸಿದರು. ಹುಡುಗನಿಗೆ ಸಿಟ್ಟು ಬಂತು, ಇದು ನನ್ನನ್ನು ಕಟ್ಟಿಹಾಕಲಿಕ್ಕೆ ಮಾಡಿದ್ದು ಅಂತ. ಇದರಿಂದ ನಿನ್ನ ಆಟ ಇನ್ನೂ ಚೆನ್ನಾಗುತ್ತದೆ ನೋಡು ಅಂತ ವುಡನ್ ಸಮಾಧಾನ ಹೇಳಿದರು. ಡಂಕ್ ಇಲ್ಲದ ಆ ವರ್ಷಗಳಲ್ಲಿ ಅವನು ಪಳಗಿಸಿಕೊಂಡದ್ದು ಒಂದೇ ಕೈಯನ್ನು ಮೇಲಕ್ಕೆ ಚಾಚಿ ಚೆಂಡು ತೇಲಿಸಿ ಹಾಕುವ ಸ್ಕೈಹುಕ್. ಮುಂದೆ 20 ವರ್ಷ ಎನ್‌ಬಿಎಯಲ್ಲಿ ಅದನ್ನು ತಡೆಯಲು ಯಾರಿಗೂ ಆಗಲಿಲ್ಲ.

ಅಂಕಣದ ಹೊರಗೆ ಮಾತ್ರ ಕೋಚ್‌ಗೆ ಎಲ್ಲ ಉತ್ತರಗಳೂ ಗೊತ್ತಿರಲಿಲ್ಲ. ಒಮ್ಮೆ ಇಬ್ಬರೂ ಒಟ್ಟಿಗೆ ಇದ್ದಾಗ ವಯಸ್ಸಾದ ಒಬ್ಬ ಬಿಳಿಯ ಹೆಂಗಸು ಹುಡುಗನ ಎತ್ತರ ನೋಡಿ, ಅವನ ಬಣ್ಣ ಹಿಡಿದು ಹೀನ ಮಾತಾಡಿದಳು. ಲೂ ಇದನ್ನೆಲ್ಲ ದಿನಾ ಕೇಳಿದವನು. ಬೆಚ್ಚಿಬಿದ್ದವರು ವುಡನ್. ಎಲ್ಲರೂ ಹೀಗಿರುವುದಿಲ್ಲ ಅಂತೇನೋ ಹೇಳಿದರು. ಆ ಹೊತ್ತಿಗೆ ಬೇಕಾದ ಮಾತು ತನಗೆ ಸಿಗಲಿಲ್ಲವಲ್ಲ ಎಂಬ ಕೊರಗು ಅವರನ್ನು ಎಷ್ಟೋ ವರ್ಷ ಕಾಡಿತು.

ಕಾಲೇಜಿನಲ್ಲಿದ್ದಾಗ ಲೂ ಮಾಲ್ಕಂ ಎಕ್ಸ್ ಅವರ ಆತ್ಮಕಥೆ ಓದಿದ. ಓದು ಅವನನ್ನು ಕುರ್‌ಆನ್ ಕಡೆಗೆ ಒಯ್ದಿತು. 1968ರಲ್ಲಿ ಇಸ್ಲಾಂ ಸ್ವೀಕರಿಸಿದ. 1971ರಲ್ಲಿ ಮಿಲ್ವಾಕಿ ತಂಡ ಎನ್‌ಬಿಎ ಗೆದ್ದ ಮರುದಿನ ಕರೀಂ ಅಬ್ದುಲ್ ಜಬ್ಬಾರ್ ಎಂಬ ಹೆಸರನ್ನು ಲೋಕಕ್ಕೆ ತಿಳಿಸಿದ. ಅದೇ 1968ರಲ್ಲಿ, ಕರಿಯರನ್ನು ನಡೆಸಿಕೊಳ್ಳುವ ರೀತಿಗೆ ಪ್ರತಿಭಟನೆಯಾಗಿ ಮೆಕ್ಸಿಕೊ ಒಲಿಂಪಿಕ್ಸ್‌ನಿಂದಲೂ ದೂರ ಉಳಿದಿದ್ದ. ದೇಶದ್ರೋಹಿ ಎಂಬ ಬೈಗುಳ, ಬೆದರಿಕೆ ಎಲ್ಲ ಬಂತು. ವುಡನ್ ಸಂಪ್ರದಾಯದ ಮನುಷ್ಯ, ದೇಶಕ್ಕಾಗಿ ಸೇನೆಯಲ್ಲಿದ್ದವರು. ಅವರಿಗೆ ಈ ನಿರ್ಧಾರ ಹಿಡಿಸಿರಲಿಕ್ಕಿಲ್ಲ ಅಂತಲೇ ಶಿಷ್ಯ ಅಂದುಕೊಂಡಿದ್ದ. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಎಷ್ಟೋ ವರ್ಷಗಳ ನಂತರ ಒಂದು ಹಳೆಯ ಪತ್ರದ ಪ್ರತಿ ಕರೀಂ ಕೈಗೆ ಬಂತು. ಆ ಕಾಲದಲ್ಲಿ ಒಬ್ಬ ಹೆಂಗಸು ಲೂ ಬಗ್ಗೆ ಸಿಟ್ಟಿನಿಂದ ವುಡನ್‌ಗೆ ಕಾಗದ ಬರೆದಿದ್ದಳು. ಅದಕ್ಕೆ ವುಡನ್ ಬರೆದ ಉತ್ತರ ಅದು. ಈ ಹುಡುಗನ ಮಾತು ನನಗೂ ಕಸಿವಿಸಿ ತಂದದ್ದು ಹೌದು, ಆದರೆ ಬಿಳಿಯರ ಮಾತುಗಳಿಂದ ಅವನಿಗೆ ಎಷ್ಟು ನೋವಾಗಿದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂಬ ಅರ್ಥದಲ್ಲಿ ಬರೆದು, ಅವನ ಪರವಾಗಿ ನಿಂತಿದ್ದರು. ಬರೆದದ್ದನ್ನು ಶಿಷ್ಯನಿಗೆ ಒಂದು ದಿನವೂ ಹೇಳಿಕೊಳ್ಳಲಿಲ್ಲ. ನಾನು ನಿನಗಾಗಿ ಇಷ್ಟು ಮಾಡಿದೆ ಅಂತ ಲೆಕ್ಕ ಒಪ್ಪಿಸುವವರ ನಡುವೆ ಇಂಥವರೂ ಇರುತ್ತಾರೆ.

ಮೂರನೆಯವನು ಕೀತ್ ವಿಲ್ಕ್ಸ್. 1972 ಮತ್ತು 1973ರ ಚಾಂಪಿಯನ್ ತಂಡಗಳಲ್ಲಿದ್ದ, ಸದ್ದಿಲ್ಲದೆ ಆಡುವ ಹುಡುಗ. ಅವನೂ ಮುಂದೆ ಇಸ್ಲಾಂ ಸ್ವೀಕರಿಸಿ ಜಮಾಲ್ ಆದ. ಆದರ್ಶ ಆಟಗಾರ ಅಂದರೆ ಯಾರು ಅಂತ ಕೇಳಿದಾಗ ವುಡನ್ ತೋರಿಸುತ್ತಿದ್ದದ್ದು ಈ ಜಮಾಲ್ ವಿಲ್ಕ್ಸ್‌ನನ್ನೇ.

ತಪ್ಪುಗಳೂ ಉಂಟು

ಹಾಗಂತ ವುಡನ್ ದೇವಲೋಕದಿಂದ ಇಳಿದವರು ಅಂತ ನಾವು ಹೇಳುತ್ತಿಲ್ಲ. ಶಿಸ್ತಿನ ವಿಷಯದಲ್ಲಿ ಹಟಮಾರಿ. ಬಿಲ್ ವಾಲ್ಟನ್ ಎಂಬ ದೊಡ್ಡ ಆಟಗಾರ ಉದ್ದ ಕೂದಲು ಬಿಟ್ಟು ಬಂದು, ಇದು ನನ್ನ ಹಕ್ಕು ಅಂದ. ಹಕ್ಕು ಹೌದಪ್ಪ, ಆದರೆ ನೀನಿಲ್ಲದೆ ತಂಡಕ್ಕೆ ಬೇಸರ ಆಗುತ್ತದೆ ಅನ್ನುವ ಧಾಟಿಯಲ್ಲಿ ವುಡನ್ ತಣ್ಣಗೆ ಹೇಳಿದರು. ವಾಲ್ಟನ್ ಸೈಕಲ್ ಹತ್ತಿ ಕ್ಷೌರದಂಗಡಿಗೆ ಓಡಿದ. ಇದು ನಗುವ ಕಥೆ. ನಗದ ಕಥೆಗಳೂ ಉಂಟು. 1968ರ ಜನವರಿಯಲ್ಲಿ ಹ್ಯೂಸ್ಟನ್‌ನಲ್ಲಿ 52 ಸಾವಿರಕ್ಕೂ ಹೆಚ್ಚು ಜನರ ಮುಂದೆ ಯುಸಿಎಲ್‌ಎ 71-69ರಲ್ಲಿ ಸೋತಿತು. ಆ ಪಂದ್ಯದಲ್ಲಿ ಎಡ್ಗರ್ ಲೇಸಿ ಎಂಬ ಆಟಗಾರನನ್ನು ಬೆಂಚಿಗೆ ಕಳುಹಿಸಿದವರು ಮತ್ತೆ ಇಳಿಸಲೇ ಇಲ್ಲ. ಆಮೇಲೆ ಆಡಿದ ಮಾತು ಅವನನ್ನು ಇನ್ನಷ್ಟು ನೋಯಿಸಿತು. ಅವನು ತಂಡವನ್ನೇ ಬಿಟ್ಟುಹೋದ. ಕ್ಲಾರೆನ್ಸ್ ವಾಕರ್‌ಗಾಗಿ ಟೂರ್ನಿ ಬಿಟ್ಟ ಕೋಚೇ ಇವರು ಎಂಬುದನ್ನೂ ಮರೆಯುವ ಹಾಗಿಲ್ಲ.

ಯುಸಿಎಲ್‌ಎಯ ಒಬ್ಬ ಶ್ರೀಮಂತ ಅಭಿಮಾನಿ ನಿಯಮ ಮೀರಿ ಆಟಗಾರರಿಗೆ ಉಡುಗೊರೆ, ಸವಲತ್ತು ಕೊಡುತ್ತಿದ್ದ ವಿಷಯ ವುಡನ್ ನಿವೃತ್ತರಾದ ಮೇಲೆ ದೊಡ್ಡ ಸುದ್ದಿಯಾಯಿತು. 1981ರಲ್ಲಿ ಸಂಸ್ಥೆಗೆ ದಂಡನೆಯೂ ಆಯಿತು. ಆ ಮನುಷ್ಯನ ಓಡಾಟ ವುಡನ್ ಕಾಲದಲ್ಲೇ ಶುರುವಾದದ್ದು. ಅವರು ಸ್ವತಃ ತಪ್ಪು ಮಾಡಿದರು ಅಂತ ಯಾರೂ ತೋರಿಸಿಲ್ಲ. ಆದರೆ ಕಾಲುಚೀಲದ ಸುಕ್ಕನ್ನೂ ಬಿಡದೆ ನೋಡುವ ಕಣ್ಣು ಇದನ್ನು ಯಾಕೆ ನೋಡಲಿಲ್ಲ ಅಂತ ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ ಅದು.

20 ವರ್ಷ ಬಿಟ್ಟು ಕೇಳಿ

1975ರ ಮಾರ್ಚ್ 31ರಂದು ಕೆಂಟಕಿಯನ್ನು 92-85ರಿಂದ ಸೋಲಿಸಿ ಹತ್ತನೇ ಚಾಂಪಿಯನ್‌ಶಿಪ್‌ನೊಂದಿಗೆ ವುಡನ್ ನಿವೃತ್ತರಾದರು. ಅದಕ್ಕೆ ಹಿಂದಿನ ವರ್ಷ ಸೆಮಿಫೈನಲ್‌ನಲ್ಲಿ ಸೋತಿದ್ದರು. ಈ ಸಲ ಗೆದ್ದ ಕೂಡಲೇ ಒಬ್ಬ ಅಭಿಮಾನಿ ಬಂದು, ಹೋದ ವರ್ಷ ನಮ್ಮನ್ನು ಕೈಬಿಟ್ಟದ್ದಕ್ಕೆ ಇದು ಸರಿಹೋಯಿತು ಅಂದನಂತೆ! ಯುಸಿಎಲ್‌ಎಯಲ್ಲಿ 620 ಗೆಲುವು, 147 ಸೋಲು. ಅಷ್ಟು ಕೊಟ್ಟವರಿಗೂ ಜನ ಕೇಳುವುದು ಕಳೆದ ಸಲದ ಸೋಲನ್ನೇ. ನನಗೆ ಇಷ್ಟವಾದ ಕೋಚ್‌ಗಳಿಗೆ ಒಂದು ಚಾಂಪಿಯನ್‌ಶಿಪ್ ಸಿಗಲಿ, ಇಷ್ಟವಿಲ್ಲದವರಿಗೆ ಹಲವು ಸಿಗಲಿ ಅಂತ ವುಡನ್ ತಮಾಷೆ ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಗೆದ್ದವರ ಸಂಬಳ ವರ್ಷಕ್ಕೆ 35 ಸಾವಿರ ಡಾಲರ್ ದಾಟಲಿಲ್ಲ. ನಿವೃತ್ತಿಯ ನಂತರ ಇದ್ದದ್ದು ಒಂದು ಸಾಧಾರಣ ಫ್ಲ್ಯಾಟ್‌ನಲ್ಲಿ. 1985ರ ಮಾರ್ಚ್ 21ರಂದು ಪತ್ನಿ ನೆಲ್ಲಿ ತೀರಿಕೊಂಡರು. ಆಮೇಲೆ ಪ್ರತಿ ತಿಂಗಳ 21ನೇ ತಾರೀಕಿಗೆ ಅವಳಿಗೊಂದು ಪತ್ರ ಬರೆದು ಅವಳ ದಿಂಬಿನ ಮೇಲೆ ಇಡುತ್ತಿದ್ದರು. 2003ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು. ಅದೇ ವರ್ಷ ಪಾಲಿ ಪೆವಿಲಿಯನ್‌ನ ಅಂಕಣಕ್ಕೆ ಗಂಡಹೆಂಡತಿ ಇಬ್ಬರ ಹೆಸರು ಇಟ್ಟರು. ಹೆಂಡತಿಯ ಹೆಸರು ಮೊದಲು, ಅವರದು ಆಮೇಲೆ.

ಆ ಫ್ಲ್ಯಾಟಿಗೆ ಹಳೆಯ ಶಿಷ್ಯರು ಬಂದು ಹೋಗುತ್ತಿದ್ದರು. ಕರೀಂ ಬಂದು ಕೂತು ಹಳೆಯ ಸಿನಿಮಾ, ಬೇಸ್‌ಬಾಲ್ ನೋಡುತ್ತ ಹರಟುತ್ತಿದ್ದರು. ಶಿಷ್ಯ ಗೆಳೆಯನಾಗಿದ್ದ, ಮಗನಂತಾಗಿದ್ದ. ವಯಸ್ಸಾಗಿ ಬಾಗಿದ ವುಡನ್ ಅವರನ್ನು ಕೈಹಿಡಿದು ಕರೀಂ ನಡೆಸಿಕೊಂಡು ಹೋಗುವ ಒಂದು ಫೋಟೋ ಉಂಟು. ಚರ್ಚಿಗೆ ಹೋಗುವ ಗುರು, ನಮಾಝ್ ಮಾಡುವ ಶಿಷ್ಯ. ಯಾರೂ ಯಾರನ್ನೂ ಬದಲಾಯಿಸಲು ಹೋಗಲಿಲ್ಲ. 2010ರ ಜೂನ್ 4ರಂದು, 99ನೇ ವಯಸ್ಸಿನಲ್ಲಿ ವುಡನ್ ತೀರಿಕೊಂಡರು. 2017ರಲ್ಲಿ ಕರೀಂ ಆ ಸುಮಾರು 50 ವರ್ಷದ ಗೆಳೆತನದ ಬಗ್ಗೆಯೇ ಒಂದು ಪುಸ್ತಕ ಬರೆದರು.

ವುಡನ್ ಇಷ್ಟಪಟ್ಟು ಹೇಳುತ್ತಿದ್ದ ಒಂದು ಹಳೆಯ ಕಥೆ ಉಂಟು. ಇನ್ನೊಬ್ಬ ಹಿರಿಯ ಕೋಚ್‌ನನ್ನು ಪತ್ರಕರ್ತರು, ಈ ವರ್ಷ ನಿಮ್ಮ ತಂಡ ಹೇಗಿತ್ತು ಅಂತ ಕೇಳಿದರಂತೆ. ಈಗಲೇ ಹೇಗೆ ಹೇಳುವುದು, 20 ವರ್ಷ ಬಿಟ್ಟು ಕೇಳಿ, ಈ ಹುಡುಗರು ಏನಾಗಿದ್ದಾರೆ ಅಂತ ನೋಡಿ ಹೇಳುತ್ತೇನೆ ಅಂದರಂತೆ ಆ ಕೋಚ್. ತನ್ನ ಆಟಗಾರರಲ್ಲಿ ಹೆಚ್ಚಿನವರು ಓದು ಮುಗಿಸಿ ಪದವಿ ಪಡೆದರು, ವಕೀಲರಾದರು, ವೈದ್ಯರಾದರು, ಮಾಸ್ಟ್ರುಗಳಾದರು ಎಂಬುದನ್ನು ವುಡನ್ ಕಪ್ಪುಗಳಿಗಿಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಫಲಿತಾಂಶ ಬಂದ ಸಂಜೆಯೇ ಮಾಸ್ಟ್ರನ್ನೂ ಮಕ್ಕಳನ್ನೂ ತೂಗಿ ಮುಗಿಸುವ ನಾವೆಲ್ಲರೂ ಈ 20 ವರ್ಷದ ಲೆಕ್ಕವನ್ನು ಸ್ವಲ್ಪ ಕಲಿಯಬೇಕು. ನಮ್ಮ ಮಕ್ಕಳಿಗೆ ಆಟ ಕಲಿಸುವ, ಪಾಠ ಹೇಳುವ ಮಾಸ್ಟ್ರುಗಳಲ್ಲಿ ಯಾರಾದರೂ ಬೆಂಚಿನ ಮೇಲೆ ಕೂತ ಹುಡುಗನ ಪರವಾಗಿ ನಿಂತದ್ದನ್ನು ನೀವು ನೋಡಿದ್ದರೆ, ಅವರನ್ನು ದಾರಿಯಲ್ಲಿ ಕಂಡಾಗ ನಿಂತು ಮಾತಾಡಿಸಿ. ಅವರ ಕಪಾಟಿನಲ್ಲಿ ಕಪ್ಪು ಇರಲಿಕ್ಕಿಲ್ಲ. ಆ ಹುಡುಗ ಎಲ್ಲೋ ಚೆನ್ನಾಗಿದ್ದಾನೆ ಎಂಬ ಸುದ್ದಿ ಹೇಳಿ. ಅಷ್ಟು ಸಾಕು ಅವರಿಗೆ.